ಟೋಪಿ ತೆಗೆಯದವರ ರಾಜಕೀಯ: ಕ್ವೇಕರರಿಂದ ಜಗತ್ತಿಗೆ ಬಂದದ್ದೇನು?

ಹೊಳೆದಂಡೆ

ನಮ್ಮ ಊರಿನ ಓದುಗರ ಬಳಗದಲ್ಲಿ ತಿಂಗಳಿಗೊಬ್ಬರು ಒಂದು ವಿಷಯ ಹಿಡಿದು ಇಪ್ಪತ್ತು ನಿಮಿಷ ಮಾತನಾಡುವ ಪರಿಪಾಠವಿದೆ. ಈ ಸಲದ ಸರದಿ ನನ್ನದು. ರಾಜ್ಯಶಾಸ್ತ್ರ ಓದುತ್ತಿರುವ ಮಗಳು ಮೊನ್ನೆ ಊಟಕ್ಕೆ ಕುಳಿತಾಗ ಒಂದು ಮಾತು ಎಸೆದಳು: "ಅಪ್ಪ, ಸರಕು ಬಹಿಷ್ಕಾರ, ಸಹಿ ಸಂಗ್ರಹ, ಯುದ್ಧಕ್ಕೆ ಹೋಗುವುದಿಲ್ಲ ಎನ್ನುವುದು, ಇವತ್ತಿನ ಚಳವಳಿಗಾರರು ಮಾಡುವ ಅರ್ಧ ಕೆಲಸವನ್ನು ಕ್ವೇಕರರು ಆಗಲೇ ಮಾಡಿ ಮುಗಿಸಿದ್ದರು." ನನಗೆ ಕ್ವೇಕರ್ ಎಂದರೆ ಓಟ್ಸ್ ಡಬ್ಬದ ಮೇಲೆ ನಗುತ್ತಿರುವ ಟೋಪಿಯ ಮುದುಕ ಮಾತ್ರ ಗೊತ್ತು. ಹಾಗೆಂದು ಹೇಳಿದೆ. ಮಗಳು ಅನ್ನ ಕಲಸುವುದನ್ನು ಬಿಟ್ಟು ನನ್ನನ್ನೇ ನೋಡಿದಳು.

ಈಗ ಹಠಕ್ಕೆ ಬಿದ್ದು ಇದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ನಾಲ್ಕು ಲಕ್ಷ ಜನರೂ ಇಲ್ಲದ ಒಂದು ಕ್ರೈಸ್ತ ಪಂಥ ಇಷ್ಟೊಂದು ಕಡೆ ಹೇಗೆ ಕಾಣಿಸಿಕೊಂಡಿತು? ಅವರ ನಂಬಿಕೆ ಕೆಲಸ ಮಾಡಿತೇ, ಹಣ ಕೆಲಸ ಮಾಡಿತೇ, ಅಥವಾ ಆಮೇಲಿನವರು ಕಟ್ಟಿದ ಕಥೆಯೇ? ಬಲ್ಲವರು ಹೇಳಿ.

ಅಡಿಟಿಪ್ಪಣಿ

ಮೊದಲು ಡಬ್ಬದ ಮುದುಕನನ್ನು ಬದಿಗಿಡೋಣ. ಆ ಕಂಪನಿಗೂ ಪಂಥಕ್ಕೂ ಸಂಬಂಧವಿಲ್ಲ. ಪ್ರಾಮಾಣಿಕರು, ತೂಕದಲ್ಲಿ ಮೋಸ ಮಾಡುವುದಿಲ್ಲ ಎಂಬ ಅವರ ಹೆಸರನ್ನು ವ್ಯಾಪಾರಕ್ಕೆ ಬಳಸಿಕೊಂಡದ್ದು ಅಷ್ಟೇ.

'ಕ್ವೇಕರ್' ಎಂದರೆ ನಡುಗುವವರು. ಅದು ಬೈಗುಳವಾಗಿ ಹುಟ್ಟಿದ ಹೆಸರು. 1650ರಲ್ಲಿ ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ, ಈ ಪಂಥ ಕಟ್ಟಿದ ಜಾರ್ಜ್ ಫಾಕ್ಸ್ ಎಂಬ ಇಪ್ಪತ್ತಾರರ ಯುವಕನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ನೇಕಾರನ ಮಗ, ಚಮ್ಮಾರಿಕೆ ಕಲಿತವನು. ದೇವರ ಮಾತಿಗೆ ನೀವು ನಡುಗಬೇಕು ಎಂದು ಅವನು ನ್ಯಾಯಾಧೀಶರಿಗೇ ಉಪದೇಶ ಮಾಡಿದ. ಹಾಗಾದರೆ ನೀವು ನಡುಗುವವರು ಎಂದು ಅವರು ಗೇಲಿ ಮಾಡಿದರು. ಹೆಸರು ಅಂಟಿಕೊಂಡಿತು. ತಮ್ಮನ್ನು ಅವರು ಕರೆದುಕೊಳ್ಳುವುದು 'ಸ್ನೇಹಿತರು' ಎಂದು.

ನಿವೃತ್ತ ಮೇಷ್ಟರು

ಹೊಳೆದಂಡೆಯವರೇ, ಒಳಬೆಳಕು, ಶಾಂತಿ, ಸಮಾನತೆ ಎಂದು ಶುರು ಮಾಡಿದರೆ ನಿಮ್ಮ ಬಳಗದವರು ಐದನೆಯ ನಿಮಿಷಕ್ಕೆ ಆಕಳಿಸುತ್ತಾರೆ. ಟೋಪಿಯಿಂದ ಶುರು ಮಾಡಿ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡವರ ಎದುರು ಟೋಪಿ ತೆಗೆಯುವುದು ನಮ್ಮಲ್ಲಿ ಹೆಗಲ ಮೇಲಿನ ಟವೆಲ್ ಇಳಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ ಹಾಗೆ. ಕ್ವೇಕರರು ಅದನ್ನು ಒಲ್ಲೆವೆಂದರು. ಪ್ರಾರ್ಥನೆಯಲ್ಲಿ ದೇವರ ಮುಂದೆ ಟೋಪಿ ತೆಗೆಯುತ್ತೇವೆ, ಮನುಷ್ಯನ ಮುಂದೆ ಯಾಕೆ ಎಂಬುದು ಅವರ ವಾದ. ಎಲ್ಲರೊಳಗೂ ದೇವರ ಬೆಳಕಿನ ಒಂದು ಕಿಡಿ ಇದೆ ಎಂದು ನಂಬಿದವನಿಗೆ ಜಮೀನ್ದಾರನೊಳಗಿನ ಕಿಡಿಗೆ ಬೇರೆ ದರ ಕಟ್ಟಲು ಬರುವುದಿಲ್ಲ.

ಎರಡನೆಯದು ಕನ್ನಡಿಗರಿಗೆ ವಿವರಿಸಲೇಬೇಕಾಗಿಲ್ಲ. ಆಗಿನ ಇಂಗ್ಲಿಷಿನಲ್ಲಿ ನಮ್ಮ 'ನೀನು', 'ನೀವು' ಎರಡೂ ಇದ್ದವು. ಕ್ವೇಕರರು ಎಲ್ಲರನ್ನೂ 'ನೀನು' ಎಂದೇ ಕರೆದರು, ನ್ಯಾಯಾಧೀಶನನ್ನೂ ಹೆತ್ತ ತಂದೆಯನ್ನೂ. ಇಂಗ್ಲಿಷ್ ಪುಸ್ತಕಗಳು ಇದನ್ನು ಅರ್ಥ ಮಾಡಿಸಲು ಅರ್ಧ ಪುಟ ಕಷ್ಟಪಡುತ್ತವೆ. ನಮಗೆ ಓದಿದ ಕೂಡಲೇ ಮೈ ಜುಮ್ಮೆನ್ನುತ್ತದೆ.

ಕವಿ ಮಿಲ್ಟನ್‌ನ ಕಣ್ಣು ಹೋದ ಮೇಲೆ ಅವನಿಗೆ ಪುಸ್ತಕ ಓದಿ ಹೇಳುತ್ತಿದ್ದ ಥಾಮಸ್ ಎಲ್ವುಡ್ ತನ್ನ ಯೌವನದ ಪ್ರಸಂಗವೊಂದನ್ನು ಬರೆದಿಟ್ಟಿದ್ದಾನೆ. ಹೊಸದಾಗಿ ಕ್ವೇಕರನಾದ ಹುಡುಗ ತಂದೆಯ ಮುಂದೆ ಟೋಪಿ ಹಾಕಿಕೊಂಡೇ ನಿಂತ. ತಂದೆ ಎರಡೂ ಕೈಗಳಿಂದ ಗುದ್ದಿ ಟೋಪಿಯನ್ನು ಕಿತ್ತುಕೊಂಡ. ಹುಡುಗ ಇನ್ನೊಂದು ಹಾಕಿಕೊಂಡು ಬಂದ. ಅದೂ ಹೋಯಿತು. ಮನೆಯಲ್ಲಿದ್ದ ಅವನ ಟೋಪಿಗಳೆಲ್ಲ ಹೀಗೆ ಖಾಲಿಯಾದವು. ಬರಿತಲೆಯಲ್ಲಿ ಹೊರಗೆ ಹೋಗುವಂತಿರಲಿಲ್ಲ, ಹಾಗಾಗಿ ಆ ಚಳಿಗಾಲ ಅವನು ಮನೆಯೊಳಗೇ ಸೆರೆಯಾಳು. ಇನ್ನೊಮ್ಮೆ ನನ್ನನ್ನು 'ನೀನು' ಎಂದರೆ ಹಲ್ಲು ಉದುರಿಸುತ್ತೇನೆಂದು ತಂದೆ ಗದರಿದ. ಹುಡುಗ ಅದನ್ನೂ ಬಿಡಲಿಲ್ಲ.

ಇತಿಹಾಸದ ತಮಾಷೆಯನ್ನೂ ನೋಡಿ. ಎಲ್ಲರನ್ನೂ 'ನೀನು' ಎಂದು ಇಳಿಸಿ ಸಮ ಮಾಡಲು ಇವರು ಹೊರಟರು. ಇಂಗ್ಲಿಷ್ ಭಾಷೆ ಎಲ್ಲರನ್ನೂ 'ನೀವು' ಎಂದು ಏರಿಸಿ ಸಮ ಮಾಡಿತು. ಕೊನೆಗೆ ಹಳೆಯ ಸರ್ವನಾಮ ಹಿಡಿದು ಕುಳಿತ ವಿಚಿತ್ರ ಜನರಾಗಿ ಕ್ವೇಕರರೇ ಉಳಿದರು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನಾನು ಕೆಲಸ ಮಾಡಿದ ಶಾಲೆಯಲ್ಲಿ ನನಗಿಂತ ಹತ್ತು ವರ್ಷ ಹಿರಿಯರಾದ ಜವಾನರೊಬ್ಬರಿದ್ದರು. ಇಪ್ಪತ್ತು ವರ್ಷ ಅವರನ್ನು 'ನೀನು' ಎಂದೆ, ಅವರು ನನ್ನನ್ನು 'ತಾವು' ಎಂದರು. ಎಲ್ವುಡ್‌ನ ಪ್ರಸಂಗ ಓದಿದ್ದು ನಿವೃತ್ತಿಯಾದ ಮೇಲೆ.

ಕೂಡಲದ ಓದುಗ

ಇದನ್ನೆಲ್ಲ ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ಮಾಡಿದ್ದರು. ಕಾಯಕ, ಪುರೋಹಿತರ ನಿರಾಕರಣೆ, ಹೆಂಗಸರಿಗೆ ಸಭೆಯಲ್ಲಿ ಮಾತು. ಹೊರದೇಶದ ಪಂಥವೇ ಬೇಕಿತ್ತೇ?

ನಿವೃತ್ತ ಮೇಷ್ಟರು

ಹೋಲಿಕೆ ಬೇರೆ, ನಂಟು ಬೇರೆ. ಹೋಲಿಕೆ ಎದ್ದು ಕಾಣುತ್ತದೆ, ಒಪ್ಪಿದೆ. ಆದರೆ ಇಂಗ್ಲೆಂಡಿನ ಕಾಯಿದೆ ಬದಲಾದದ್ದು ಹೇಗೆಂದು ಕೇಳಿದವರಿಗೆ ಕಲ್ಯಾಣದ ಕಥೆ ಉತ್ತರವಾಗುವುದಿಲ್ಲ. ಅದಕ್ಕೊಂದು ಪ್ರತ್ಯೇಕ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಕರಿಕೋಟು

ಮೇಷ್ಟರ ಟೋಪಿಯನ್ನು ನಾನು ನ್ಯಾಯಾಲಯದೊಳಕ್ಕೆ ಒಯ್ಯುತ್ತೇನೆ. ವೃತ್ತಿಯಿಂದ ವಕೀಲ, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ.

1670ರ ಆಗಸ್ಟ್. ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ ಕ್ವೇಕರರ ಸಭಾಮಂದಿರಕ್ಕೆ ಬೀಗ ಜಡಿದಿದ್ದಾರೆ. ನೌಕಾಪಡೆಯ ಅಡ್ಮಿರಲ್‌ನ ಮಗ ವಿಲಿಯಂ ಪೆನ್ ಬೀದಿಯಲ್ಲೇ ನಿಂತು ಉಪದೇಶ ಮಾಡಿದ. ಅವನನ್ನೂ ವಿಲಿಯಂ ಮೀಡ್‌ನನ್ನೂ ಹಿಡಿದು, ಅಕ್ರಮ ಕೂಟ ನಡೆಸಿ ಶಾಂತಿ ಕದಡಿದರೆಂದು ಸೆಪ್ಟೆಂಬರಿನಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ನಿಲ್ಲಿಸಿದರು. ಒಳಗೆ ಬರುವಾಗ ಸಿಬ್ಬಂದಿ ಇಬ್ಬರ ಟೋಪಿಯನ್ನೂ ತೆಗೆದಿದ್ದರು. ಪೀಠದಿಂದ ಅಪ್ಪಣೆಯಾಯಿತು: ಟೋಪಿ ಮತ್ತೆ ಹಾಕಿ. ಹಾಕಿದರು. ಆಮೇಲೆ ಅದೇ ಪೀಠ, ಟೋಪಿ ಯಾಕೆ ತೆಗೆಯಲಿಲ್ಲ ಎಂದು ಇಬ್ಬರಿಗೂ ನಲವತ್ತು ಮಾರ್ಕ್ ದಂಡ ಹಾಕಿತು! ಟೋಪಿ ಹಾಕಿಸಿದ್ದು ನೀವೇ, ದಂಡ ಬೀಳಬೇಕಾದದ್ದು ಪೀಠಕ್ಕೆ ಎಂಬ ಅರ್ಥದಲ್ಲಿ ಪೆನ್ ಉತ್ತರಿಸಿದ. ನನ್ನ ಕಕ್ಷಿದಾರ ಹೀಗೆ ಮಾತನಾಡಿದರೆ ನಾನು ವಕಾಲತ್ತು ವಾಪಸ್ ಪಡೆಯುತ್ತೇನೆ.

ನಿಜವಾದ ಕಥೆ ಹನ್ನೆರಡು ಮಂದಿ ಜ್ಯೂರಿಗಳದು, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು ಕೂರಿಸಿದ ನಾಗರಿಕರದು. ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತನಾಡಿದ ತಪ್ಪು ಮಾಡಿದ್ದಾನೆ, ಅಷ್ಟೇ ಎಂದು ಅವರು ಪೆನ್ ಬಗ್ಗೆ ಹೇಳಿದರು. 'ಅಕ್ರಮ ಕೂಟ' ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬೀದಿಯಲ್ಲಿ ಮಾತನಾಡುವುದು ಅಪರಾಧವೇ ಅಲ್ಲವಲ್ಲ. ಪೀಠ ಕೆರಳಿತು. ಅನ್ನ, ನೀರು, ಬೆಂಕಿ ಯಾವುದೂ ಇಲ್ಲದೆ ಎರಡು ರಾತ್ರಿ ಅವರನ್ನು ಕೂಡಿಹಾಕಿದರು. ಹೊರಬಂದು ಈ ಸಲ ಸ್ಪಷ್ಟವಾಗಿ ಹೇಳಿದರು: ನಿರಪರಾಧಿ. ಜ್ಯೂರಿಗಳಿಗೇ ತಲಾ ನಲವತ್ತು ಮಾರ್ಕ್ ದಂಡ, ಕಟ್ಟುವವರೆಗೆ ನ್ಯೂಗೇಟ್ ಜೈಲು. ಎಡ್ವರ್ಡ್ ಬುಶೆಲ್ ಮತ್ತು ಇನ್ನು ಮೂವರು ದಂಡ ಕಟ್ಟಲೊಪ್ಪದೆ ಮೇಲಿನ ನ್ಯಾಯಾಲಯಕ್ಕೆ ಹೋದರು. ತೀರ್ಪು ಇಷ್ಟವಾಗಲಿಲ್ಲವೆಂದು ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವಾನ್ ಹೇಳಿದ್ದು ಈ ಪ್ರಕರಣದಲ್ಲೇ. ಆ ಜ್ಯೂರಿಗಳು ಕ್ವೇಕರರಲ್ಲ, ಸಾಮಾನ್ಯ ಪಟ್ಟಣಿಗರು. ಹಟ ಸಾಂಕ್ರಾಮಿಕ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು, ನಮ್ಮಲ್ಲೂ ಇರುವ ವಿಷಯ. ಆಣೆ ಇಡಬೇಡಿ, ಹೌದಾದರೆ ಹೌದು ಅಲ್ಲವಾದರೆ ಅಲ್ಲ ಎನ್ನಿ ಎಂಬ ಬೈಬಲ್ ಮಾತನ್ನು ಕ್ವೇಕರರು ಅಕ್ಷರಶಃ ಹಿಡಿದರು. ಪ್ರಮಾಣ ಮಾಡಿದರೆ ಮಾತ್ರ ನಿಜ ಹೇಳುತ್ತೇನೆ ಎಂದರೆ ಉಳಿದ ಹೊತ್ತಿನಲ್ಲಿ ಸುಳ್ಳು ಹೇಳುತ್ತೇನೆ ಎಂದಾಯಿತಲ್ಲ ಎಂಬುದು ಅವರ ಪ್ರಶ್ನೆ. ಅಧಿಕಾರಿಗಳಿಗೆ ಇದು ಅನುಕೂಲವೇ ಆಯಿತು. ಬೇರೆ ಯಾವ ಆರೋಪವೂ ನಿಲ್ಲದಿದ್ದಾಗ ರಾಜನಿಷ್ಠೆಯ ಪ್ರಮಾಣ ಮಾಡು ಎನ್ನುವುದು, ಒಲ್ಲೆ ಎಂದ ಕೂಡಲೇ ಆಸ್ತಿ ಮುಟ್ಟುಗೋಲು. ಪಂಥದ ತಾಯಿ ಎನಿಸಿದ ಮಾರ್ಗರೆಟ್ ಫೆಲ್ 1664ರಿಂದ ನಾಲ್ಕು ವರ್ಷ ಲ್ಯಾಂಕಾಸ್ಟರ್ ಜೈಲಿನಲ್ಲಿದ್ದದ್ದು ಹೀಗೆ. 1696ರಲ್ಲಿ ಪ್ರಮಾಣದ ಬದಲು ದೃಢೀಕರಣಕ್ಕೆ ಕಾಯಿದೆ ಬಂತು. ಅದರ ಒಕ್ಕಣೆಯಲ್ಲೂ ದೇವರ ಹೆಸರಿದೆಯೆಂದು ಕೆಲವರು ತಕರಾರು ತೆಗೆದು, 1722ರಲ್ಲಿ ಅದನ್ನೂ ತೆಗೆಸಿದರು. ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷ ಪ್ರಮಾಣವನ್ನಾದರೂ ಮಾಡಬಹುದು, ದೃಢೀಕರಣವನ್ನಾದರೂ ಮಾಡಬಹುದು. ಇಂಗ್ಲೆಂಡಿನಲ್ಲಿ ನಾಸ್ತಿಕರಿಗೂ ಆ ಬಾಗಿಲು ತೆರೆದದ್ದು 1888ರಲ್ಲಿ, ಚಾರ್ಲ್ಸ್ ಬ್ರಾಡ್ಲಾಗ್‌ನ ಹೋರಾಟದಿಂದ.

ನಮ್ಮ ಸಂವಿಧಾನದ ಮೂರನೆಯ ಅನುಸೂಚಿ ತೆರೆದು ನೋಡಿ. ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ಸತ್ಯನಿಷ್ಠೆಯಿಂದ ದೃಢೀಕರಣ, ಎರಡೂ ಇವೆ. ಸಾಕ್ಷಿಗಳಿಗೂ 1969ರ ಪ್ರಮಾಣಗಳ ಕಾಯಿದೆಯಲ್ಲಿ ಅದೇ ಆಯ್ಕೆ. ದೇವರನ್ನು ವಿಪರೀತ ನಂಬಿದವರು ಕೊರೆದ ಕಿಂಡಿಯಿಂದ ದೇವರನ್ನು ನಂಬದವರು ಒಳಗೆ ಬಂದರು.

ಸಂದೇಹಿ

ಎಲ್ಲರೂ ಆರತಿ ಎತ್ತುತ್ತಿದ್ದೀರಿ. ನನ್ನ ಕೈಯಲ್ಲಿ ಒಂದು ಲೋಟ ನೀರಿದೆ, ಆರತಿಯ ಮೇಲೆ ಸುರಿಯಲೇ?

ಬಾರ್ಬಡೋಸ್ ದ್ವೀಪದ ಕಬ್ಬಿನ ತೋಟಗಳಲ್ಲಿ ಕ್ವೇಕರ್ ಯಜಮಾನರಿದ್ದರು, ಅವರಿಗೆ ಗುಲಾಮರಿದ್ದರು. 1671ರಲ್ಲಿ ಫಾಕ್ಸ್ ಅಲ್ಲಿಗೆ ಹೋದ. ಗುಲಾಮರನ್ನು ದಂಗೆಗೆ ಎಬ್ಬಿಸುತ್ತಿದ್ದೀರಿ ಎಂಬ ಆರೋಪ ಬಂದಾಗ ಅದು ಸುಳ್ಳೆಂದು ಗವರ್ನರನಿಗೆ ಪತ್ರ ಬರೆಯಲಾಯಿತು. ದಯೆಯಿಂದ ನೋಡಿಕೊಳ್ಳಿ, ಅವರಿಗೂ ಧರ್ಮ ಹೇಳಿ ಎಂದ, ಬಿಟ್ಟುಬಿಡಿ ಎಂದು ಪಟ್ಟು ಹಿಡಿಯಲಿಲ್ಲ. ಕರಿಕೋಟಿನವರ ನಾಯಕ ಪೆನ್ ಕೂಡ ತನ್ನ ಎಸ್ಟೇಟಿನಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ. ಅಮೆರಿಕದಲ್ಲಿ ತಾನು ಸ್ಥಾಪಿಸಿದ ಪೆನ್ಸಿಲ್ವೇನಿಯಾದ ಮೂಲನಿವಾಸಿ ಲೆನಾಪಿಗಳೊಂದಿಗೆ ಅವನು ನ್ಯಾಯವಾಗಿ ನಡೆದುಕೊಂಡ ಎನ್ನುತ್ತಾರೆ, ಸರಿ. ಅವನ ಮಕ್ಕಳು 1737ರಲ್ಲಿ, ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ಭೂಮಿ ಎಂಬ ಕರಾರು ಹಿಡಿದು, ದಾರಿ ಸವರಿಸಿ, ಓಟಗಾರರನ್ನು ಬಿಟ್ಟು ನೆಲ ಕಬಳಿಸಿದರು.

ಜೈಲು ಸುಧಾರಣೆ ಎಂದರೆ ಎಲ್ಲರೂ ನ್ಯೂಗೇಟ್ ಜೈಲಿನ ಹೆಂಗಸರಿಗೆ ಬಟ್ಟೆ, ಶಾಲೆ, ಹೊಲಿಗೆ ಕೆಲಸ ಒದಗಿಸಿದ ಎಲಿಜಬೆತ್ ಫ್ರೈಯ ಹೆಸರು ಹೇಳುತ್ತಾರೆ. ಕೈದಿಯನ್ನು ಒಂಟಿಯಾಗಿ ಇಟ್ಟರೆ ಒಳಬೆಳಕು ಕಂಡು ಪಶ್ಚಾತ್ತಾಪ ಪಡುತ್ತಾನೆ ಎಂಬ ಫಿಲಡೆಲ್ಫಿಯಾದ ಸಜ್ಜನರ ಯೋಚನೆಯನ್ನು ಯಾರೂ ಹೇಳುವುದಿಲ್ಲ. ಅವರಲ್ಲಿ ಕ್ವೇಕರರು ಬಹಳ. 1829ರಲ್ಲಿ ಅಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಬಂದೀಖಾನೆಯಲ್ಲಿ ಕೈದಿಗೆ ಮನುಷ್ಯನ ಮುಖವೇ ಕಾಣದಂತೆ ಮುಸುಕು ಹಾಕಿ ಕರೆದೊಯ್ಯುತ್ತಿದ್ದರು. 1842ರಲ್ಲಿ ನೋಡಲು ಹೋದ ಡಿಕನ್ಸ್ ಇದು ದೇಹಕ್ಕೆ ಕೊಡುವ ಹಿಂಸೆಗಿಂತ ಕ್ರೂರ ಎಂದ. ತಮಗೆ ಹಿತವಾದ ಮೌನವನ್ನು ಇನ್ನೊಬ್ಬನ ಮೇಲೆ ಹೇರಿದರೆ ಹೀಗಾಗುತ್ತದೆ.

ಅಡಿಟಿಪ್ಪಣಿ

ಸಂದೇಹಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಗುಲಾಮಗಿರಿಯ ಕಥೆಯನ್ನು ಅರ್ಧದಲ್ಲಿ ನಿಲ್ಲಿಸಿದ್ದೀರಿ. ಉಳಿದರ್ಧ ಇನ್ನೂ ನಾಚಿಕೆಗೇಡಿನದು, ಆಮೇಲೆ ಒಳ್ಳೆಯದು.

1688ರ ಏಪ್ರಿಲ್, ಫಿಲಡೆಲ್ಫಿಯಾದ ಪಕ್ಕದ ಜರ್ಮನ್‌ಟೌನ್. ನಾಲ್ವರು ವಲಸಿಗರು ಒಂದು ಅರ್ಜಿ ಬರೆದರು. ಅವರಲ್ಲೊಬ್ಬ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್. ಅವರ ಇಂಗ್ಲಿಷ್ ಒರಟು, ವಾದ ಚೂಪು. ಹಡಗಿನಲ್ಲಿ ಬರುವಾಗ ತುರ್ಕರು ಹಿಡಿದು ಮಾರಿಯಾರು ಎಂದು ನಾವು ಹೆದರಿದ್ದೆವಲ್ಲ, ಇಲ್ಲಿ ನಾವು ಮಾಡುತ್ತಿರುವುದು ಅದಕ್ಕಿಂತ ಹೇಗೆ ಮೇಲು? ನಾಳೆ ಈ ಗುಲಾಮರು ಬಿಡುಗಡೆಗೆಂದು ತಿರುಗಿಬಿದ್ದರೆ, ಕತ್ತಿ ಹಿಡಿಯದ ನೀವು ಆಗ ಕತ್ತಿ ಹಿಡಿಯುತ್ತೀರಾ?

ಮಾಸಿಕ ಸಭೆ ಇದನ್ನು ಓದಿ, ವಿಷಯ ಬಹಳ ಭಾರವಾದದ್ದು, ನಮ್ಮ ಮಟ್ಟದಲ್ಲಿ ತೀರ್ಮಾನಿಸಲಾಗದು ಎಂದು ತ್ರೈಮಾಸಿಕ ಸಭೆಗೆ ಕಳಿಸಿತು. ತ್ರೈಮಾಸಿಕ ಸಭೆ ಅದೇ ಷರಾ ಬರೆದು ಬರ್ಲಿಂಗ್ಟನ್ನಿನ ವಾರ್ಷಿಕ ಸಭೆಗೆ ಕಳಿಸಿತು. ವಾರ್ಷಿಕ ಸಭೆ, ಇದಕ್ಕೆ ಬೇರೆ ಪ್ರಾಂತ್ಯಗಳ ಸಂಬಂಧವೂ ಇರುವುದರಿಂದ ನಿರ್ಣಯ ಕೊಡುವುದು ಉಚಿತವಲ್ಲ ಎಂದು ಕಡತ ಮುಚ್ಚಿತು. ತಾಲ್ಲೂಕು ಕಚೇರಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಧಾನಸೌಧಕ್ಕೆ ಅಲೆದವರಿಗೆ ಈ ಭಾಷೆ ಪರಿಚಿತವೇ. ಆ ಕಾಗದ ಮತ್ತೆ ಕೈಗೆ ಸಿಕ್ಕಿದ್ದು 1844ರಲ್ಲಿ.

ನಡುವೆ ಬೆಂಜಮಿನ್ ಲೇ ಬಂದ. ನಾಲ್ಕಡಿಯ ಗೂನುಬೆನ್ನಿನ ಮನುಷ್ಯ, ಬಾರ್ಬಡೋಸಿನಲ್ಲಿ ಅಂಗಡಿ ಇಟ್ಟು ಗುಲಾಮರ ಪಾಡು ಕಣ್ಣಾರೆ ಕಂಡವನು. 1738ರಲ್ಲಿ ಬರ್ಲಿಂಗ್ಟನ್ ಸಭೆಗೆ ನಿಲುವಂಗಿಯೊಳಗೆ ಸೈನಿಕರ ಕೋಟು ಮತ್ತು ಕತ್ತಿ ಅಡಗಿಸಿಕೊಂಡು ಹೋದ. ಪುಸ್ತಕದ ಒಳಭಾಗ ಕೊರೆದು ಕೆಂಪು ಕಾಯಿಯ ರಸ ತುಂಬಿದ ಚೀಲ ಇಟ್ಟಿದ್ದ. ಗುಲಾಮರನ್ನು ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೆ ಹರಿಸುತ್ತಾನೆ ಎಂದು ಕೂಗಿ ಪುಸ್ತಕಕ್ಕೆ ಕತ್ತಿ ಚುಚ್ಚಿದ. ಅಕ್ಕಪಕ್ಕ ಕುಳಿತವರ ಮೇಲೆಲ್ಲ ಕೆಂಪು ಚಿಮ್ಮಿತು. ಎತ್ತಿ ಹೊರಗೆ ಹಾಕಿದರು, ಪಂಥದಿಂದಲೂ ಹೊರಗಿಟ್ಟರು. ಅವನು ಗುಹೆಯಂಥ ಮನೆಯಲ್ಲಿದ್ದುಕೊಂಡು, ಗುಲಾಮರ ದುಡಿಮೆಯಿಂದ ಬಂದ ಏನನ್ನೂ ಮುಟ್ಟದೆ ಬದುಕಿದ.

ಇನ್ನೊಬ್ಬ ಇದಕ್ಕೆ ತದ್ವಿರುದ್ಧ. ನ್ಯೂಜೆರ್ಸಿಯ ದರ್ಜಿ ಜಾನ್ ವುಲ್ಮನ್. ಯುವಕನಾಗಿ ಅಂಗಡಿಯಲ್ಲಿದ್ದಾಗ ಯಜಮಾನ ಒಬ್ಬ ಕಪ್ಪು ಹೆಂಗಸಿನ ಕ್ರಯಪತ್ರ ಬರೆಯಲು ಹೇಳಿದ. ಬರೆದ. ಕೊಂಡವನು ಒಬ್ಬ ವೃದ್ಧ ಕ್ವೇಕರನೇ. ಬರೆದುಕೊಟ್ಟ ಆ ಕಾಗದ ಅವನನ್ನು ಜೀವಮಾನವಿಡೀ ಚುಚ್ಚಿತು. ಮುಂದೆ ಊರೂರು ತಿರುಗಿ ಗುಲಾಮರಿದ್ದ ಕ್ವೇಕರರ ಮನೆಗಳಿಗೇ ಹೋಗಿ ಮೆಲುದನಿಯಲ್ಲಿ ಮಾತನಾಡಿದ. ಉಂಡೆದ್ದ ಮೇಲೆ, ತನ್ನ ಊಟ ಹಾಸಿಗೆ ನೋಡಿಕೊಂಡ ಗುಲಾಮರಿಗೆ ಕೊಡಿ ಎಂದು ಬೆಳ್ಳಿಯ ನಾಣ್ಯ ಇಡುತ್ತಿದ್ದ. ಅತಿಥಿ ಹೀಗೆ ಹಣ ಇಟ್ಟರೆ ಯಜಮಾನನ ಮುಖ ಹೇಗಾಗಿರಬೇಕು!

1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ ಗುಲಾಮರನ್ನು ಕೊಳ್ಳುವ ಮಾರುವವರನ್ನು ಸಭೆಯ ವ್ಯವಹಾರದಿಂದ ದೂರ ಇಟ್ಟಿತು. 1776ರಲ್ಲಿ, ಗುಲಾಮರನ್ನು ಬಿಡದವನು ನಮ್ಮವನೇ ಅಲ್ಲ ಎಂದಿತು. ಅರ್ಜಿಯಿಂದ ಲೆಕ್ಕ ಹಾಕಿದರೆ 88 ವರ್ಷ.

ಸಂದೇಹಿ

88 ವರ್ಷ! ನಾಲ್ಕು ತಲೆಮಾರಿನ ಗುಲಾಮರು ಸತ್ತರು. ಇದನ್ನೇ ನಾನು ಹೇಳಿದ್ದು.

ನಿವೃತ್ತ ಮೇಷ್ಟರು

ನೀವು ಹೇಳಿದ್ದು ನಿಜ. ಆದರೆ 1776ರಲ್ಲಿ ಅಷ್ಟು ಮಾಡಿದ ಇನ್ನೊಂದು ಪಂಥ, ಇನ್ನೊಂದು ಸರ್ಕಾರ ಇತ್ತೇ? ಅದೇ ವರ್ಷ ಅದೇ ಊರಿನಲ್ಲಿ, ಎಲ್ಲ ಮನುಷ್ಯರೂ ಸಮಾನರು ಎಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದವರ ಮನೆಯಲ್ಲಿ ಗುಲಾಮರಿದ್ದರು.

ನನ್ನ ಅಭಿಪ್ರಾಯ ಒಂದೇ, ಅದನ್ನು ಹೇಳಿ ಸುಮ್ಮನಾಗುತ್ತೇನೆ. ಕ್ವೇಕರರಿಂದ ರಾಜಕೀಯಕ್ಕೆ ಬಂದ ದೊಡ್ಡ ಆಸ್ತಿ ಒಳಬೆಳಕಲ್ಲ, ದಫ್ತರು. ತಮಗಾದ ಪ್ರತಿಯೊಂದು ಹಿಂಸೆಯನ್ನೂ ಅವರು ಬರೆದಿಟ್ಟರು. ಚರ್ಚಿನ ದಶಾಂಶ ತೆರಿಗೆ ಕೊಡಲಿಲ್ಲವೆಂದು ಹಸು ಎಳೆದೊಯ್ದರೆ ಹಸುವಿನ ಬೆಲೆ, ಎಳೆದೊಯ್ದವನ ಹೆಸರು, ದಿನಾಂಕ. ತಟ್ಟೆ ಲೋಟ ಹೋದರೆ ಅದೂ. ಊರಿನ ಸಭೆಯಿಂದ ಜಿಲ್ಲೆಯ ಸಭೆಗೆ, ಅಲ್ಲಿಂದ ಲಂಡನ್ನಿಗೆ ಈ ಪಟ್ಟಿಗಳು ಹೋಗುತ್ತಿದ್ದವು. 1670ರ ದಶಕದ ನಡುವಿಗೆ ಲಂಡನ್ನಿನಲ್ಲಿ ಇದಕ್ಕೆಂದೇ ಒಂದು ಸಮಿತಿ ನಿಂತಿತು. ಅದರ ಹೆಸರೇ 'ಯಾತನೆಗಳ ಸಭೆ'. ಪಟ್ಟಿ ಹಿಡಿದು ಸಂಸತ್ತಿನ ಸದಸ್ಯರ ಮನೆಬಾಗಿಲಿಗೆ ಹೋಗುವುದು ಅವರ ಕೆಲಸ. ಕರಿಕೋಟಿನವರು ಹೇಳಿದ 1696ರ ಕಾಯಿದೆಗೆ ಓಡಾಡಿದ್ದು ಇದೇ ಸಮಿತಿ.

1787ರಲ್ಲಿ ಲಂಡನ್ನಿನಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಸಮಿತಿ ರಚನೆಯಾದಾಗ ಹನ್ನೆರಡು ಸ್ಥಾಪಕರಲ್ಲಿ ಒಂಬತ್ತು ಮಂದಿ ಕ್ವೇಕರರು. ಊರೂರಿಗೆ ಪತ್ರವ್ಯವಹಾರ, ಲೆಕ್ಕ, ಸಾಕ್ಷ್ಯ ಸಂಗ್ರಹ, ಅರ್ಜಿ, ಎಲ್ಲಕ್ಕೂ ಜಾಲ ಮೊದಲೇ ಸಿದ್ಧವಿತ್ತು. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನು ಕಾಯಿದೆಯಿಂದ ನಿಷೇಧಿಸಿತು. 1961ರಲ್ಲಿ, ಅಭಿಪ್ರಾಯಕ್ಕಾಗಿ ಸೆರೆಯಾದವರ ಪರ ನಿಲ್ಲುವ ಆಮ್ನೆಸ್ಟಿ ಸಂಸ್ಥೆ ಹುಟ್ಟಿದಾಗ ಮುಂದೆ ನಿಂತವರಲ್ಲಿ ಒಬ್ಬ ಕ್ವೇಕರ್ ಎರಿಕ್ ಬೇಕರ್. ಸೆರೆಯಾಳಿನ ಹೆಸರು, ದಿನಾಂಕ, ಹಿಡಿದವನ ಹೆಸರು: ಅದೇ ಹಳೆಯ ಹಸುವಿನ ಲೆಕ್ಕ.

ಬೆಲ್ಲದಚ್ಚು

ಬಹಿಷ್ಕಾರದ ಬಗ್ಗೆ ಯಾರೂ ಹೇಳಲಿಲ್ಲ. ಇಂಗ್ಲೆಂಡಿನ ಹೆಂಗಸರಿಗೆ ಮತವಿರಲಿಲ್ಲ, ಚಹಾಕ್ಕೆ ಸಕ್ಕರೆ ಹಾಕುವ ಅಧಿಕಾರವಿತ್ತು. ಲೆಸ್ಟರಿನ ಎಲಿಜಬೆತ್ ಹೇರಿಕ್, ಕ್ವೇಕರಳಾದ ಶಿಕ್ಷಕಿ, 1824ರಲ್ಲಿ ಕಿರುಹೊತ್ತಗೆ ಬರೆದು, ಗುಲಾಮರನ್ನು ಹಂತಹಂತವಾಗಿ ಅಲ್ಲ, ಈಗಲೇ ಬಿಡುಗಡೆ ಮಾಡಿ ಎಂದಳು. ಮನೆಮನೆಗೆ ಹೋಗಿ ವೆಸ್ಟ್ ಇಂಡೀಸಿನ ಸಕ್ಕರೆ ಕೊಳ್ಳಬೇಡಿ ಎಂದು ಕೇಳಿಕೊಂಡಳು. ಆಗ 'ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ' ಎಂದು ಬರೆದ ಸಕ್ಕರೆ ಬಟ್ಟಲುಗಳು ಮಾರಾಟಕ್ಕೆ ಬಂದಿದ್ದವು. ಆ ಈಸ್ಟ್ ಇಂಡಿಯಾ ನಾವೇ. ಕಂಪನಿ ಸರ್ಕಾರ ಇಲ್ಲಿನ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದು 1843ರಲ್ಲಿ ಎಂಬುದನ್ನು ಮಾತ್ರ ಬಟ್ಟಲಿನ ಮೇಲೆ ಬರೆದಿರಲಿಲ್ಲ.

ಚಾಕೊಲೇಟಿನ ಕಥೆಯೂ ಇದೆ. ವಿಶ್ವವಿದ್ಯಾಲಯ, ಸರ್ಕಾರಿ ಹುದ್ದೆಗಳ ಬಾಗಿಲು ಮುಚ್ಚಿದ್ದರಿಂದ ಕ್ವೇಕರರು ವ್ಯಾಪಾರಕ್ಕೆ ಇಳಿದರು. ಬಾರ್ಕ್ಲೇಸ್, ಲಾಯ್ಡ್ಸ್ ಬ್ಯಾಂಕುಗಳು, ಕ್ಯಾಡ್ಬರಿ, ರೌಂಟ್ರಿ, ಎಲ್ಲವೂ ಕ್ವೇಕರ್ ಮನೆತನಗಳಿಂದ ಬಂದವು. ಚೌಕಾಸಿ ಇಲ್ಲ, ಮಗು ಬಂದರೂ ಒಂದೇ ಬೆಲೆ. ಕ್ಯಾಡ್ಬರಿಯವರು ಕಾರ್ಮಿಕರಿಗೆ ಬೋರ್ನ್‌ವಿಲ್ ಎಂಬ ತೋಟದ ಊರನ್ನೇ ಕಟ್ಟಿದರು. ಆದರೆ ಅವರ ಕೋಕೋ ಬರುತ್ತಿದ್ದದ್ದು ಪೋರ್ಚುಗೀಸರ ಸಾವೊ ಟೊಮೆ ದ್ವೀಪದಿಂದ, ಅಲ್ಲಿ ದುಡಿಯುತ್ತಿದ್ದವರು ಹೆಸರಿಗಷ್ಟೇ ಗುತ್ತಿಗೆಯ ಕೂಲಿಗಳು. 1901ರಲ್ಲೇ ಇದರ ಸುಳಿವು ಸಿಕ್ಕಿತ್ತು, ಕೊಳ್ಳುವುದು ನಿಲ್ಲಿಸಿದ್ದು 1909ರಲ್ಲಿ. ಇದನ್ನು ಬರೆದ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಇಷ್ಟು ಅಚ್ಚುಕಟ್ಟಾದ ತೀರ್ಪನ್ನು ನಾನು ಬೇರೆಲ್ಲೂ ಓದಿಲ್ಲ.

ಕರಿಕೋಟು

ಕಾಲು ಪೆನ್ನಿಯ ಗೆಲುವು! ಅದನ್ನು ನಮ್ಮ ವಕೀಲರ ಸಂಘದ ಗೋಡೆಗೆ ಬರೆಸಬೇಕು.

ಅಡಿಟಿಪ್ಪಣಿ

ರೌಂಟ್ರಿ ಹೆಸರು ಬಂದದ್ದಕ್ಕೆ ಒಂದು ಸೇರ್ಪಡೆ. ಅದೇ ಮನೆಯ ಸೀಬೋಮ್ ರೌಂಟ್ರಿ ಯಾರ್ಕ್ ಪಟ್ಟಣದ ಕೂಲಿಕಾರರ ಮನೆಮನೆ ಸಮೀಕ್ಷೆ ಮಾಡಿಸಿ, ಪಟ್ಟಣದ 27.84 ಶೇಕಡಾ ಜನ ಬಡತನದಲ್ಲಿದ್ದಾರೆ ಎಂದು 1901ರಲ್ಲಿ ಪ್ರಕಟಿಸಿದ. ಬಡವರು ಕುಡಿದು ಹಾಳಾಗುತ್ತಾರೆ ಎಂಬ ಮಾತಿಗೆ ಎದುರಾಗಿ, ಹೊಟ್ಟೆಗೆ ಸಾಲುವಷ್ಟು ಕೂಲಿಯೇ ಇಲ್ಲ ಎಂದು ಲೆಕ್ಕದಿಂದ ತೋರಿಸಿದ್ದು ಲಿಬರಲ್ ಸರ್ಕಾರದ ಸುಧಾರಣೆಗಳಿಗೆ ಬಲ ಕೊಟ್ಟಿತು. ಬಡತನದ ರೇಖೆಯ ಜನಕ ಅವನೇ ಎಂದು ಮಾತ್ರ ಹೇಳಬೇಡಿ. ಜೈಲಿನ ಕೈದಿಗೆ ಕೊಡುವ ಅನ್ನದ ಬೆಲೆ ಹಿಡಿದು ಭಾರತೀಯನೊಬ್ಬನಿಗೆ ವರ್ಷಕ್ಕೆ ಎಷ್ಟು ಬೇಕೆಂದು ದಾದಾಭಾಯಿ ನವರೋಜಿ 1870ರ ದಶಕದಲ್ಲೇ ಲೆಕ್ಕ ಹಾಕಿದ್ದರು.

ಫಿಲಿ ಕನ್ನಡತಿ

ಹನ್ನೊಂದು ವರ್ಷದಿಂದ ಫಿಲಡೆಲ್ಫಿಯಾದ ಹೊರವಲಯದಲ್ಲಿದ್ದೇನೆ. ಮೂಲ ತೀರ್ಥಹಳ್ಳಿ. ಕಚೇರಿಯ ಗೆಳತಿಯೊಬ್ಬಳ ಜೊತೆ ಎರಡು ಮೂರು ಸಲ ಅವರ ಭಾನುವಾರದ ಸಭೆಗೆ ಹೋಗಿದ್ದೇನೆ. ಪುಸ್ತಕದಲ್ಲಿ ಓದುವುದಕ್ಕೂ ಒಳಗೆ ಕೂರುವುದಕ್ಕೂ ವ್ಯತ್ಯಾಸವಿದೆ.

ಒಳಗೆ ಏನೂ ಇಲ್ಲ. ಶಿಲುಬೆ ಇಲ್ಲ, ಮೇಣದಬತ್ತಿ ಇಲ್ಲ, ಪಾದ್ರಿ ಇಲ್ಲ. ಎದುರುಬದುರು ಮರದ ಬೆಂಚುಗಳು. ಒಂದು ಗಂಟೆ ಮೌನ. ಮೊದಲ ಸಲ ನನಗೆ ಕೇಳಿಸಿದ್ದು ನನ್ನ ಹೊಟ್ಟೆಯ ಗುರುಗುರು ಮಾತ್ರ. ನಲವತ್ತು ನಿಮಿಷದ ಹೊತ್ತಿಗೆ ಮುದುಕರೊಬ್ಬರು ಬೆಂಚು ಹಿಡಿದು ಎದ್ದು, ಪಕ್ಕದ ಮನೆಯವನೊಂದಿಗೆ ಬೇಲಿಯ ಜಗಳವಾಡಿದ್ದೆ, ಈಗ ಅವನು ಆಸ್ಪತ್ರೆಯಲ್ಲಿದ್ದಾನೆ, ಹೋಗಿ ನೋಡಲು ಕಾಲು ಬರುತ್ತಿಲ್ಲ ಎಂದು ಹೇಳಿ ಕುಳಿತರು. ಯಾರೂ ಉತ್ತರಿಸಲಿಲ್ಲ. ಕೊನೆಗೆ ಒಬ್ಬರು ಪಕ್ಕದವರ ಕೈ ಕುಲುಕಿದರು, ಎಲ್ಲರೂ ಕುಲುಕಿದರು, ಮುಗಿಯಿತು.

ಮೌನದಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದಾದ್ದರಿಂದ ಹೆಂಗಸರಿಗೆ ಸಭೆಯಲ್ಲಿ ನಿಂತು ಮಾತನಾಡುವ ಅಭ್ಯಾಸ ಶುರುವಿನಿಂದಲೇ ಆಯಿತು. ಮಾರ್ಗರೆಟ್ ಫೆಲ್ ಜೈಲಿನಲ್ಲಿದ್ದುಕೊಂಡೇ, ಧರ್ಮದ ವಿಷಯ ಮಾತನಾಡಲು ಹೆಂಗಸರಿಗೆ ಹಕ್ಕಿದೆ ಎಂದು 1666ರಲ್ಲಿ ಪುಸ್ತಕ ಪ್ರಕಟಿಸಿದಳು. ಬಾಸ್ಟನ್ನಿನ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರು ಬರಬೇಡ ಎಂದು ಗಡೀಪಾರು ಮಾಡಿದರೂ ಮತ್ತೆ ಮತ್ತೆ ಬಂದ ಕ್ವೇಕರಳಾದ ಮೇರಿ ಡಯರ್‌ಳನ್ನು 1660ರಲ್ಲಿ ಗಲ್ಲಿಗೇರಿಸಿದರು. 1848ರ ಜುಲೈಯಲ್ಲಿ ನ್ಯೂಯಾರ್ಕ್ ರಾಜ್ಯದ ವಾಟರ್ಲೂ ಊರಿನ ಜೇನ್ ಹಂಟ್ ಮನೆಯಲ್ಲಿ ಚಹಾಕ್ಕೆ ಸೇರಿದ ಐವರು ಹೆಂಗಸರು ಹತ್ತು ದಿನದೊಳಗೆ ಸೆನೆಕಾ ಫಾಲ್ಸ್ ಊರಿನ ಮಹಿಳಾ ಹಕ್ಕುಗಳ ಸಮಾವೇಶ ನಡೆಸಿಯೇಬಿಟ್ಟರು, ಐವರಲ್ಲಿ ನಾಲ್ವರು ಕ್ವೇಕರರು. ಅಷ್ಟು ಬೇಗ ಹೇಗಾಯಿತು ಎಂದರೆ, ಸಭೆ ಕರೆಯುವುದು, ನಿರ್ಣಯ ಬರೆಯುವುದು, ಎದ್ದು ನಿಂತು ಮಾತನಾಡುವುದು ಅವರಿಗೆ ಮನೆಗೆಲಸದಷ್ಟೇ ರೂಢಿಯಾಗಿತ್ತು.

ಇನ್ನು ಅವರ ವ್ಯವಹಾರದ ಸಭೆ. ಮತ ಹಾಕುವುದಿಲ್ಲ. ಸಭೆ ನಡೆಸುವವರು ಎಲ್ಲರ ಮಾತು ಕೇಳಿ, ಸಭೆಯ ಮನಸ್ಸು ಹೀಗಿದೆ ಎಂದು ನಡಾವಳಿಯನ್ನು ಅಲ್ಲೇ ಬರೆದು ಓದುತ್ತಾರೆ. ಒಪ್ಪಿಗೆ ಬಂದರೆ ಸರಿ, ಇಲ್ಲವಾದರೆ ಮುಂದಿನ ತಿಂಗಳಿಗೆ. ಗೆಳತಿಯ ಸಭೆಯಲ್ಲಿ ಹಳೆಯ ಬಾಯ್ಲರ್ ಬದಲಿಸುವ ಚರ್ಚೆ ನಾಲ್ಕು ತಿಂಗಳು ನಡೆಯಿತು. ಅಷ್ಟರಲ್ಲಿ ಚಳಿಗಾಲವೇ ಮುಗಿಯಿತು.

ಸಂದೇಹಿ

ಮೇಡಂ, ಬಾಯ್ಲರ್ ಮಾತು ಎತ್ತಿ ಒಳ್ಳೆಯದು ಮಾಡಿದಿರಿ. ಈ ಮತವಿಲ್ಲದ ಪದ್ಧತಿಯೇ ಚಳವಳಿಗಳಿಗೆ ಕಾಲಿಗೆ ಕಟ್ಟಿದ ಗುಂಡಾಯಿತು. 1977ರಲ್ಲಿ ನ್ಯೂಹ್ಯಾಂಪ್‌ಶೈರ್ ರಾಜ್ಯದ ಸೀಬ್ರೂಕ್‌ನಲ್ಲಿ ಅಣುಸ್ಥಾವರದ ವಿರುದ್ಧ ಧರಣಿ ಕುಳಿತು 1,414 ಮಂದಿ ಬಂಧನಕ್ಕೊಳಗಾದರು. ಅವರಿಗೆ ಒಮ್ಮತದ ಪದ್ಧತಿ ಕಲಿಸಿದ್ದು ಕ್ವೇಕರ್ ಸೇವಾ ಸಂಸ್ಥೆಯ ಕಾರ್ಯಕರ್ತರು. ಅಲ್ಲಿಂದ ಅದು ಚಳವಳಿಯಿಂದ ಚಳವಳಿಗೆ ಹರಿದು 2011ರ ವಾಲ್ ಸ್ಟ್ರೀಟ್ ಧರಣಿಯವರೆಗೆ ಬಂತು. ಬೆಂಚಿನ ಮೇಲೆ ವರ್ಷಗಟ್ಟಲೆ ಜೊತೆಗೆ ಮೌನವಾಗಿ ಕುಳಿತವರಿಗೆ ಹೊಂದುವ ಪದ್ಧತಿಯನ್ನು ನಿನ್ನೆ ಪರಿಚಯವಾದ ಸಾವಿರ ಜನರಿಗೆ ತೊಡಿಸಿದರು. ಒಬ್ಬ ಹಟಮಾರಿ ಅಡ್ಡ ನಿಂತರೆ ಎಲ್ಲವೂ ನಿಂತಿತು.

ಅಂದಹಾಗೆ ಅಮೆರಿಕದ ಅಧ್ಯಕ್ಷನಾಗಿದ್ದ ರಿಚರ್ಡ್ ನಿಕ್ಸನ್ ಕೂಡ ಕ್ವೇಕರ್ ಮನೆತನದವನೇ. ಕಾಂಬೋಡಿಯದ ಮೇಲೆ ಬಾಂಬು ಸುರಿಸಿದವನು. ಆ ಪಟ್ಟಿಯನ್ನೂ ಓದಿ.

ನಿವೃತ್ತ ಮೇಷ್ಟರು

ನಿಕ್ಸನ್ ಇದ್ದ, ಬಯಾರ್ಡ್ ರಸ್ಟಿನ್ ಕೂಡ ಇದ್ದ. ಕಪ್ಪು ಜನಾಂಗದ ಕ್ವೇಕರ್, ಯುದ್ಧಕ್ಕೆ ಹೋಗಲೊಪ್ಪದೆ ಎರಡು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದವನು, 1948ರಲ್ಲಿ ಭಾರತಕ್ಕೆ ಬಂದು ಗಾಂಧಿಯವರ ಸಂಗಡಿಗರಿಂದ ಸತ್ಯಾಗ್ರಹದ ಪಟ್ಟು ಕಲಿತು ಹೋದವನು. ಅದನ್ನು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಹೇಳಿಕೊಟ್ಟ, 1963ರ ವಾಷಿಂಗ್ಟನ್ ಜಾಥಾವನ್ನು ಸಂಘಟಿಸಿದ. ಅಧಿಕಾರದ ಮುಂದೆ ಸತ್ಯ ಹೇಳು ಎಂಬ, ಇವತ್ತು ಎಲ್ಲರೂ ಬಳಸುವ ಇಂಗ್ಲಿಷ್ ಮಾತು ಪ್ರಚಾರಕ್ಕೆ ಬಂದದ್ದು 1955ರ ಕ್ವೇಕರ್ ಕಿರುಹೊತ್ತಗೆಯಿಂದ. ಅದನ್ನು ಬರೆದವರಲ್ಲಿ ರಸ್ಟಿನ್ ಒಬ್ಬ. ಸಲಿಂಗಿ ಎಂಬ ಕಾರಣಕ್ಕೆ ಬಂಧನವಾಗಿದ್ದರಿಂದ ಅವನ ಹೆಸರನ್ನೇ ಮುದ್ರಿಸಲಿಲ್ಲ. ಸತ್ಯ ಹೇಳು ಎಂಬ ಪುಸ್ತಕದಲ್ಲೇ! ನಿಮ್ಮ ಲೋಟದ ನೀರಿಗೆ ಇದನ್ನೂ ಸೇರಿಸಿಕೊಳ್ಳಿ, ನಾನೇ ಕೊಡುತ್ತಿದ್ದೇನೆ.

ಫಿಲಿ ಕನ್ನಡತಿ

ಒಂದು ತಿದ್ದುಪಡಿ. ನಾವೆಲ್ಲ ಇಂಗ್ಲೆಂಡ್, ಅಮೆರಿಕ ಎನ್ನುತ್ತಿದ್ದೇವೆ. ಇವತ್ತು ಅತಿ ಹೆಚ್ಚು ಕ್ವೇಕರರಿರುವ ದೇಶ ಕೀನ್ಯಾ. ಅಲ್ಲಿನ ಸಭೆಗಳಲ್ಲಿ ಪಾದ್ರಿ ಇದ್ದಾರೆ, ಹಾಡು ಇದೆ, ಮೌನ ಕಡಿಮೆ. ಬ್ರಿಟನ್ನಿನ ಕ್ವೇಕರರು 2009ರಲ್ಲಿ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟರು. ಕೀನ್ಯಾದವರಲ್ಲಿ ಬಹುಪಾಲು ಜನ ಅದನ್ನು ಒಪ್ಪುವುದಿಲ್ಲ. 'ಕ್ವೇಕರ್ ಮೌಲ್ಯ' ಎಂದು ಒಂದೇ ಉಸಿರಿಗೆ ಹೇಳುವಾಗ ಯಾವ ಕ್ವೇಕರರು ಎಂದು ಕೇಳಿಕೊಳ್ಳಬೇಕು.

ಹೊಳೆದಂಡೆ

ಎಲ್ಲರಿಗೂ ವಂದನೆ. ಇಪ್ಪತ್ತು ನಿಮಿಷಕ್ಕೆ ಇಷ್ಟೂ ಹಿಡಿಯುವುದಿಲ್ಲ. ಓಲ್ಡ್ ಬೈಲಿಯ ಟೋಪಿ, ಜರ್ಮನ್‌ಟೌನಿನ ಅರ್ಜಿ, ಹಸುವಿನ ಲೆಕ್ಕ, ಮೂರನ್ನೇ ಹೇಳುತ್ತೇನೆ. ಮಗಳಿಗೆ ಈ ಚರ್ಚೆ ತೋರಿಸಿದೆ. ಪೂರ್ತಿ ಓದಿ, ಸಂದೇಹಿಯವರು ಯಾರಪ್ಪ, ನಮ್ಮ ಕಾಲೇಜಿಗೆ ಪಾಠಕ್ಕೆ ಬರುತ್ತಾರಾ ಎಂದು ಕೇಳಿದಳು.

ಕರಿಕೋಟಿನವರಲ್ಲಿ ಕೊನೆಯ ಪ್ರಶ್ನೆ: ನಲವತ್ತು ಮಾರ್ಕ್ ಎಂದರೆ ಎಷ್ಟು? ಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿದ್ದಾರೆ, ಖಂಡಿತ ಕೇಳುತ್ತಾರೆ.

ಕರಿಕೋಟು

ಮಾರ್ಕ್ ಎಂಬುದು ನಾಣ್ಯವಲ್ಲ, ಲೆಕ್ಕದ ಮಾನ, ಒಂದು ಪೌಂಡಿನ ಮೂರರಲ್ಲಿ ಎರಡು ಭಾಗ. ನಲವತ್ತು ಮಾರ್ಕ್ ಎಂದರೆ 26 ಪೌಂಡ್ 13 ಶಿಲಿಂಗ್ 4 ಪೆನ್ನಿ. ಬುಶೆಲ್‌ಗೆ ಬೇಕಿದ್ದರೆ ಕಟ್ಟುವ ಶಕ್ತಿಯಿತ್ತು, ಅನುಕೂಲಸ್ಥ ವ್ಯಾಪಾರಿ ಅವನು. ಅದನ್ನೂ ಹೇಳಿ.